ಕಾವಲಿನ ಮೀನು

ಭಾತಂಬ್ರಾದ ಕೋಟೆಯ ಆಸುಪಾಸಿನಲ್ಲಿ ಆಡಿ ಬೆಳೆದ ಆ ಮಾಸ್ತರರಿಗೆ ನಿವೃತ್ತಿಯ ತರುವಾಯ ಉಳಿದ ಚಟವೆಂದರೆ ಗಾಳವೊಂದೇ. ಮಳೆ ಹನಿದು ಬಿಟ್ಟ ಒಂದು ಮುಂಜಾನೆ, ಮಗನ ಮಗನನ್ನು ಜೊತೆಗೆ ಕರೆದುಕೊಂಡು, ಮೊದಲನೆಯ ಬಸ್ಸಿಗೇ ಕಾರಂಜಾ ಜಲಾಶಯದ ಹಿನ್ನೀರಿಗೆ ಹೊರಟರು. ರಾತ್ರಿಯ ಊಟಕ್ಕೆ ಅಳಿಯ ಬರುವವನಿದ್ದ. ಕೊರಮೀನಿನ ಸಾರು ಮಾಡಿಸುವುದಾಗಿ ಅವನಿಗೆ ಮಾತು ಕೊಟ್ಟಾಗಿತ್ತು.

ಕೊರಮೀನು ಕೆಸರು, ಜೊಂಡುಗಳ ಜೀವಿ. ಕಿವಿರು ಸಾಲದೆಂಬಂತೆ ಆಗಾಗ ಮೇಲೆ ಬಂದು ಗಾಳಿಯನ್ನೇ ನುಂಗಿ ಹೋಗುತ್ತದೆ. ಬೇರೆ ಮೀನು ಉಸಿರುಗಟ್ಟುವ ಬಗ್ಗಡದಲ್ಲಿಯೂ ಅದು ಬದುಕಬಲ್ಲುದು. ಸಂತೆಗೆ ಜೀವಂತವಾಗಿಯೇ ಬರಬಲ್ಲುದು. ಅದರ ಬೆಲೆಗೂ ಅದೇ ಕಾರಣ.

ಎರಡು ತಾಸು ಬೆಂಡು ಅಲುಗಲಿಲ್ಲ.

“ಮುತ್ಯಾ, ಅಲ್ಲಿ ನೀರು ಕುದೀಲಿಕತ್ತದ ನೋಡ್ರಿ!”

ಜೊಂಡಿನ ಬದಿಯಲ್ಲಿ ಕೆಂಪನೆಯ ಮಂದೆ. ನೂರಾರು ಮರಿಗಳು ಗಾಳಿಗಾಗಿ ಮೇಲೇಳುತ್ತಿದ್ದವು. ಕೆಳಗೆ ದೊಡ್ಡ ಮೀನಿನ ಕಾವಲು. ಮಂದೆಯ ನಡುವೆ ಗಾಳ ಎಳೆದರೆ ಸಾಕು, ಹಸಿವಿಲ್ಲದಿದ್ದರೂ ಸಿಟ್ಟಿಗೆ ಅದು ಕಚ್ಚುತ್ತದೆ. ಅಮೆರಿಕದ ಸರೋವರಗಳ ಹಳದಿ ಪರ್ಚ್ ಮೀನು ತತ್ತಿಯ ಪಟ್ಟಿಯನ್ನು ನೀರಗಿಡಗಳಿಗೆ ಸುತ್ತಿ ಹೊರಟೇಹೋಗುತ್ತದೆ. ನಮ್ಮ ಬಡ ಕೊರಮೀನಿಗೆ ಆ ಜಾಣತನವಿಲ್ಲ.

ಹರೆಯದಲ್ಲಿ ಮಾಸ್ತರರು ಹೀಗೆಯೇ ಎಷ್ಟೋ ಮೀನು ಹಿಡಿದಿದ್ದರು. ಕಾವಲಿಲ್ಲದ ಮರಿಗಳನ್ನು ಬೇರೆ ಮೀನುಗಳು ನುಂಗುವುದನ್ನು ದಡದಲ್ಲಿ ಕುಳಿತು ನೋಡಿಯೂ ಇದ್ದರು. ಎತ್ತಿದ ಕೋಲನ್ನು ಮೆಲ್ಲಗೆ ಇಳಿಸಿ ದಾರ ಸುತ್ತತೊಡಗಿದರು.

“ಮಾಮಾಗ ಏನ್ ಹೇಳ್ತೀರಿ ಮುತ್ಯಾ?”

“ಬ್ಯಾಳಿ ಸಾರು ಛಲೋ ಆಗ್ಯದ ಅಂತ ಹೇಳೋಣು, ನಡಿ.”