ಉಮ್ರೋನ ಜೋಳಿಗೆ

ರಜೆಗೆ ಬಂದಿದ್ದ ಮಗ ಒಂದು ರಾತ್ರಿ ಊಟವಾದ ಮೇಲೆ ಇಪ್ಪತ್ತು ಮುಖಗಳ ದಾಳವೊಂದನ್ನು ಚಾಪೆಯ ಮೇಲೆ ಉರುಳಿಸುತ್ತ ಕೇಳಿದ, "ಅಮ್ಮೀ, ನಾನಿ ಹೇಳ್ತಿದ್ರಲ್ಲ, ಆ ಚೀಲದಲ್ಲಿ ಎಷ್ಟು ಹಿಡೀತಿತ್ತು?"

ಅವನಿಗೆ ಅದು ಆಟಕ್ಕೆ ಬೇಕಿತ್ತು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ್ದು, 1974ರಲ್ಲಿ ಅಮೆರಿಕದಲ್ಲಿ ಹೊರಬಂತು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರಗಳಾಗುತ್ತಾರೆ. ಏನಾಯಿತೆಂದು ತೀರ್ಮಾನಿಸಲು ದಾಳ. ಅದರಲ್ಲೂ ಒಂದು ಮಾಯಾಚೀಲವಿದೆ, 'ಬ್ಯಾಗ್ ಆಫ್ ಹೋಲ್ಡಿಂಗ್'. 2014ರ ನಿಯಮದಂತೆ ಅದು 500 ಪೌಂಡ್, ಅಂದರೆ ಸುಮಾರು 227 ಕಿಲೋ ಹಿಡಿಯುತ್ತದೆ. ತುಂಬಿದರೂ ಬರಿದಾದರೂ ಅದರ ತೂಕ 15 ಪೌಂಡ್ ಮಾತ್ರ. ಮಿತಿ ಮೀರಿ ತುರುಕಿದರೆ ಹರಿದು, ಒಳಗಿದ್ದದ್ದೆಲ್ಲ ಬೇರೊಂದು ಲೋಕದಲ್ಲಿ ಚೆಲ್ಲಾಪಿಲ್ಲಿ. ನಮ್ಮೂರ ಕಿರಾಣಿ ಅಂಗಡಿಯವನೂ ಇಷ್ಟು ಕರಾರುವಾಕ್ಕಾಗಿ ತೂಗಲಾರ!

ನನ್ನ ತಾಯಿ ಹೇಳುತ್ತಿದ್ದದ್ದು ಉಮ್ರೋ ಅಯ್ಯಾರನ ಜಂಬೀಲ್. ಅಮೀರ್ ಹಮ್ಜಾನ ದಾಸ್ತಾನಿನಲ್ಲಿ ಬರುವ ಈ ಚತುರ ಶತ್ರುವಿನ ಡೇರೆಗೆ ವೇಷ ಮರೆಸಿ ನುಗ್ಗುತ್ತಾನೆ, ಬಲೆ ಬೀಸಿ ದೀಪ, ರತ್ನಗಂಬಳಿ, ಬೋಗುಣಿ ಎಲ್ಲ ಬಾಚಿ ಜೋಳಿಗೆಗೆ ಹಾಕುತ್ತಾನೆ. ಅದು ತುಂಬುವುದೇ ಇಲ್ಲ. ಇಷ್ಟಿದ್ದೂ ಅವನು ಸಾಲಗಾರನಂತೆ ಗೋಳಾಡುತ್ತಲೇ ಇರುತ್ತಾನೆ. ಇದನ್ನು ಅಭಿನಯಿಸುವಾಗ ತಾಯಿ ಸೆರಗಿನಿಂದ ಸುಳ್ಳು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಎಷ್ಟು ಹಿಡಿಯುತ್ತದೆಂದು ನಾವು ಯಾರೂ ಕೇಳಿರಲಿಲ್ಲ.

"ಮಿತಿ ಇಲ್ಲದಿದ್ರೆ ಆಟವೇ ಇಲ್ಲ," ಎಂದ ಮಗ.

"ಮಿತಿ ಚೀಲಕ್ಕಲ್ಲ, ಉಮ್ರೋಗೆ. ಹಾಕೋದು ಸುಲಭ. ಒಂದು ಕಾಸು ಹೊರಗೆ ತೆಗೀಬೇಕಂದ್ರೆ ಅವನ ಜೀವ ಹೋಗುತ್ತೆ."

ಅವನ ಕಣ್ಣು ಅರಳಿತು. ಹಾಕುವಾಗ ದಾಳ ಬೇಡ, ತೆಗೆಯುವಾಗ ಪ್ರತಿಸಲವೂ ದಾಳ ಎಂದು ಬರೆದುಕೊಂಡ. ಆಮೇಲೆ, "ನಾನಿಯ ಪುಸ್ತಕ ಎಲ್ಲಿ? ನೋಡ್ಬೇಕು" ಎಂದ.

ಹೇಳಲೇಬೇಕಾಯಿತು. ಲಖನೌದ ನವಲ್ ಕಿಶೋರ್ ಪ್ರೆಸ್ 1883ರಿಂದ ಸಂಪುಟ ಸಂಪುಟವಾಗಿ ಹೊರತಂದ 'ತಿಲಿಸ್ಮೆ ಹೋಶ್‌ರುಬಾ'ದ ಬಿಡಿ ಸಂಪುಟಗಳು ತಾಯಿಯ ಟ್ರಂಕಿನಲ್ಲಿದ್ದವು. ಅವರು ತೀರಿಕೊಂಡ ವರ್ಷ, ಹುಳ ಹಿಡಿದಿವೆಯೆಂದು ಹಳೆಯ ಪತ್ರಿಕೆಗಳ ಜೊತೆ ರದ್ದಿಗೆ ಹಾಕಿದೆ. ಹಾಕಿದವಳು ನಾನೇ, ಕಥೆ ಬರೆಯುವವಳು. ತಕ್ಕಡಿಯವನು ಅಲಿಫ್ ಬೇ ಕಂಡು, "ಇದು ಓದೋ ಪುಸ್ತಕ ಅಲ್ವಾ ಅಕ್ಕ, ಪಾಪ ಬರಲ್ವಾ?" ಎಂದು ಹಿಂಜರಿದಿದ್ದ. ಇಲ್ಲ ಎಂದು ನಾನೇ ಧೈರ್ಯ ಹೇಳಿದ್ದೆ.

ಮಗ ಏನೂ ಅನ್ನಲಿಲ್ಲ. ಇದ್ದಿದ್ದರೂ ಅವನಿಗೆ ಓದಲು ಬರುತ್ತಿರಲಿಲ್ಲ. ನಾಲ್ಕನೇ ಇಯತ್ತೆವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದ ನಾನು ಅವನನ್ನು ನೇರ ಇಂಗ್ಲಿಷಿಗೆ ಹಾಕಿದೆ. ಮನೆಯಲ್ಲಿ ಅಲಿಫ್ ಬೇ ಕಲಿಸಲು ಪ್ರತಿ ಬೇಸಿಗೆಯಲ್ಲೂ ಅಂದುಕೊಂಡೆ.

ಅವನು ಒಂದು ಕಾರ್ಡು ಮುಂದಿಟ್ಟು ಹೆಸರನ್ನು ಉರ್ದುವಿನಲ್ಲಿ ಬರೆಯಿರಿ ಎಂದ. ಜೇ, ನೂನ್, ಬೇ, ಯೇ, ಲಾಮ್. ಒಂದೊಂದೇ ಹೇಳುತ್ತ ಬರೆದೆ.

"ನೂನ್ ಬರೆದು ಮ್ ಅಂತ ಯಾಕೆ ಓದ್ತೀರಿ?"

"ಮುಂದೆ ಬೇ ಇದೆಯಲ್ಲ. 'ಕಂಬ'ದಲ್ಲಿ ಸೊನ್ನೆ ಇಲ್ವಾ, ಹಾಗೆ."

ಅವನು ಕಾರ್ಡನ್ನು ತನ್ನ ಕಡೆ ತಿರುಗಿಸಿಕೊಂಡು, ಬಲದಿಂದ ಎಡಕ್ಕೆ ಬೆರಳಾಡಿಸಿದ. ಲಾಮಿನ ಬಳಿ ತಡೆದು, ಮತ್ತೆ ಜೇಯಿಂದ ಶುರು ಮಾಡಿದ.