ಯಾವ ಗುನ್ನೆಗೆ?

ರಾಯಚೂರಿನಿಂದ ಯಾಪಲದಿನ್ನಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರದೇ ರಾಜ್ಯ. ನಿಂತೇ ಹೋದೆ. ಬಿಸಿಲಿನ ಬಗ್ಗೆ ಬರೆಯುವಂಥದ್ದೇನಿಲ್ಲ. ಬರೆಯಬೇಕಾದದ್ದು ಸಿಕ್ಕಿದ್ದು ಇಳಿದ ಮೇಲೆ, ಒಗ್ಗರಣಿ-ಮಿರ್ಚಿ ತಿನ್ನಲು ಕೂತ ಚಹಾದಂಗಡಿಯಲ್ಲಿ.

ಗೋಡೆಯ ಮೇಲೆ, ಹೈದರಾಬಾದ್ ನಿಜಾಮನ ಆಳ್ವಿಕೆಯಿಂದ ಈ ಸೀಮೆ ವಿಮೋಚನೆಗೊಂಡ ನೆನಪಿಗೆ ನಡೆಯುವ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಹಳೇ ಪೋಸ್ಟರ್. ಪಕ್ಕದಲ್ಲಿ ಮಿರ್ಚಿಯನ್ನು ಪೇಪರಿಗೆ ಒತ್ತಿ ಎಣ್ಣೆ ತೆಗೆಯುತ್ತಿದ್ದ ಹಿರಿಯರು, ನಾನು ಅದನ್ನೇ ನೋಡುವುದನ್ನು ಕಂಡು ಮಾತಿಗಿಳಿದರು.

‘ಪೊಲೀಸ್ ಆಕ್ಷನ್ನಾಗ ನಮ್ಮಜ್ಜನ್ನ ಹಿಡಕೊಂಡು ಹೋದ್ರು. ರಜಾಕಾರ ಅದಾನಂತ ಯಾರೋ ಹೇಳಿದ್ರಂತ. ಗುನ್ನೆ ಏನಂತ ಕೇಳಾಕ ಯಾರಿಗೆ ಧೈರ್ಯ ಇತ್ರೀ?’

‘ವಾಪಸ್ ಬಂದ್ರಾ?’

‘ಬಂದ್ರು. ಆಮ್ಯಾಲ ಸಂತಿಗೂ ಹೋಗಲಿಲ್ಲ.’

ಇನ್ನೊಂದು ಮಿರ್ಚಿ ಹೇಳಿದರು. ನನ್ನ ರೊಕ್ಕ ಕೊಡಗೊಡಲಿಲ್ಲ.

ನಿಜಾಮನ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿ ಸುಳ್ಳಲ್ಲ. ಮನೆಮಠ ಬಿಟ್ಟು ತುಂಗಭದ್ರೆ ದಾಟಿದ ಕುಟುಂಬಗಳ ಕಥೆ ಕೇಳಿಯೇ ಬೆಳೆದವರು ನಾವು. ಆದರೆ 1948ರಲ್ಲಿ ಭಾರತದ ಸೇನೆಯ ‘ಪೊಲೀಸ್ ಆಕ್ಷನ್’ಗೆ ನಿಜಾಮ ಶರಣಾದ ಮೇಲೆ, ಮಿಲಿಟರಿ ಗವರ್ನರ್ ಜೆ.ಎನ್. ಚೌಧುರಿ ಆಡಳಿತದಲ್ಲಿ ಸಾವಿರಾರು ಮುಸ್ಲಿಮರು ಜೈಲು ಸೇರಿದರು. ಅರಬ್ಬರು, ಪಠಾಣರ ಮೇಲಂತೂ ಹುಟ್ಟಿನಿಂದಲೇ ಗುಮಾನಿ. ಹಳ್ಳಿಹಳ್ಳಿಗಳಲ್ಲಿ ಕೊಲೆಗಳಾದವು. ಅದನ್ನು ನೋಡಿಬಂದ ಪಂಡಿತ ಸುಂದರಲಾಲ್ ಸಮಿತಿ, ಹೆಚ್ಚು ನೊಂದ ಜಿಲ್ಲೆಗಳ ಸಾಲಿನಲ್ಲಿ ಕಲಬುರಗಿ, ಬೀದರಗಳನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಬೆಳಕಿಗೇ ಬರಲಿಲ್ಲ.

ಕೋರ್ಟಿನ ಕಥೆ ಇನ್ನೂ ವಿಚಿತ್ರ. ಕಾನೂನು ಪುಸ್ತಕದಲ್ಲಿ ಎದ್ದು ಕಾಣುವುದು ರಜಾಕಾರರ ನಾಯಕ ಕಾಸಿಂ ರಜ್ವಿಯ ಹೆಸರು. ವಿಶೇಷ ನ್ಯಾಯಮಂಡಳಿಯ ವಿಚಾರಣೆ ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧವೆಂದು ಆತ ಸುಪ್ರೀಂ ಕೋರ್ಟಿಗೆ ಹೋದ. 1953ರಲ್ಲಿ ಬಹುಮತದ ತೀರ್ಪು ಅದನ್ನು ಒಪ್ಪಲಿಲ್ಲ. ರಜ್ವಿ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಇದಕ್ಕೆ ಹೋಲಿಸಿದರೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಕೂಡಿಹಾಕಿದಾಗ ಕೋರ್ಟಿನ ಮೆಟ್ಟಿಲು ಹತ್ತಿದ ಫ್ರೆಡ್ ಕೊರೆಮಾಟ್ಸು ಬರೇ ವೆಲ್ಡರ್. 1944ರಲ್ಲಿ ಸೋತ. ಆದರೆ 1983ರಲ್ಲಿ ಅವನ ಮೇಲಿನ ಅಪರಾಧ ನಿರ್ಣಯ ರದ್ದಾಯಿತು, 1988ರಲ್ಲಿ ಸರ್ಕಾರ ಕ್ಷಮೆ ಕೇಳಿತು.

ನಮ್ಮಲ್ಲಿ ಸಮಾನತೆಯ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದ ರಜ್ವಿಯ ಮೇಲೆ ಯಾರಿಗೂ ಕನಿಕರವಿರಲಿಲ್ಲ, ಇರಬೇಕಾಗಿಯೂ ಇಲ್ಲ. ಅವನ ಹೆಸರಿನ ನೆರಳಲ್ಲಿ ಸಂತೆಗೆ ಹೋಗುವುದನ್ನೇ ಬಿಟ್ಟ ಅಜ್ಜಂದಿರು ಮರೆಯಾದರು ಎಂಬುದೇ ನನ್ನ ತಕರಾರು. ವಿಮೋಚನೆಯನ್ನು ಸಂಭ್ರಮಿಸೋಣ, ಸಂಭ್ರಮಿಸಲೇಬೇಕು. ತಾಸುಗಟ್ಟಲೆ ನಡೆಯುವ ಉತ್ಸವದ ಭಾಷಣದಲ್ಲಿ, ಗುನ್ನೆಯಿಲ್ಲದೆ ಜೈಲು ಕಂಡವರಿಗೆ ಎರಡು ನಿಮಿಷ ಕೊಟ್ಟರೆ ನಿಜಾಮನೇನೂ ವಾಪಸ್ ಬರುವುದಿಲ್ಲ.