ಪಾಳಿ

ಮಸರಕಲ್‌ನಲ್ಲಿ ಸೋದರಮಾವನ ಹೊಲಕ್ಕೆ ನೀರಿನ ಪಾಳಿ ಬಂದದ್ದು ನಡುರಾತ್ರಿ. ಬ್ಯಾಟರಿ, ಸಲಿಕೆ ಹಿಡಿದು ನಾನೂ ಹೋದೆ. ಹೊಲಗಾಲುವೆಯ ಎರೆಮಣ್ಣು ಅಂಗೈ ಇಳಿಯುವಷ್ಟು ಬಿರಿದಿತ್ತು. ಬಹಳ ಹೊತ್ತಿಗೆ ಕಸಕಡ್ಡಿ, ನೊರೆ ತಳ್ಳಿಕೊಂಡು ನೀರು ಬಂತು. ಒಂದು ಬಿರುಕು ತುಂಬಿಸಿ ಮೂರು ಮಾರು ಮುಂದೆ ಸರಿಯಿತು. ಅಲ್ಲಿ ಮತ್ತೊಂದು ಬಿರುಕು. ಮಾವ ಗಡಿಯಾರಕ್ಕೆ ಬ್ಯಾಟರಿ ಹಿಡಿದ. "ಅರ್ಧ ಪಾಳಿ ಮುಗೀತು. ನೀರು ಇನ್ನಾ ಬದು ಮುಟ್ಟಿಲ್ಲ ನೋಡಪ್ಪ."

ಎಕರೆಗೆ ಇಷ್ಟು ತಾಸು ಎಂದು ಎಲ್ಲರೂ ಕೂತು ಒಪ್ಪಿದ್ದ ಲೆಕ್ಕ ಅದು. ಮಾವನೂ ಒಪ್ಪಿದ್ದ. ತಾಸು ಎಲ್ಲರಿಗೂ ಸಮ ಇದ್ದವು, ನೀರು ಇರಲಿಲ್ಲ.

ಪಂಜಾಬಿನ ವಾರಾಬಂದಿ ಎಂಬ ಪಾಳಿ ಪದ್ಧತಿಯಲ್ಲಿ ಇದಕ್ಕೊಂದು ದಾರಿ ಇದೆ. ಒಣಗಿದ ಕಾಲುವೆ ತುಂಬಲು ಹಿಡಿಯುವ ಹೊತ್ತನ್ನು ರೈತನ ಪಾಳಿಗೆ ಸೇರಿಸಿ ಕೊಡುತ್ತಾರೆ. ಅದಕ್ಕೆ 'ಭರಾಯ್' ಎನ್ನುತ್ತಾರೆ. ಕಾಲುವೆಯಲ್ಲಿ ಉಳಿದ ನೀರು ಕೊನೆಯವನಿಗೆ ಸಿಗುವುದರಿಂದ ಅವನ ಪಾಳಿಯಲ್ಲಿ ಅಷ್ಟು ಹೊತ್ತು ಕಳೆಯುತ್ತಾರೆ. ಮಣ್ಣು ಕುಡಿಯುವ ನೀರಿನ ಲೆಕ್ಕವನ್ನೂ ಇಟ್ಟ ಆ ಹಳಬರ ಮೇಲೆ ನನಗೆ ಬಹಳ ಗೌರವ.

ದೊಡ್ಡ ಕಾಲುವೆಯಲ್ಲೂ ಕೊನೆಯವನ ಪಾಡು ಇದೇ. ಮಸರಕಲ್ ಇರುವ ನಮ್ಮ ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ; ಪಕ್ಕದ ಮಾನ್ವಿಗೆ ತುಂಗಭದ್ರಾ ಎಡದಂಡೆ. ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು ದಾಟಿ ಬರುವ ಆ ಕಾಲುವೆ ಇನ್ನೂರು ಕಿಲೋಮೀಟರಿಗೂ ಉದ್ದ. ಅದನ್ನು ರೂಪಿಸಿದಾಗ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳೇ ಲೆಕ್ಕದಲ್ಲಿ ಹೆಚ್ಚಿದ್ದವು. ಮೇಲ್ಭಾಗದಲ್ಲಿ ನೆಲ್ಲು ಹಬ್ಬಿತು. ಮಾನ್ವಿ, ರಾಯಚೂರಿನ ಕೆಳಭಾಗದ ರೈತರು ಕಾಲುವೆಯ 69ನೇ ಮೈಲಿನಲ್ಲಿ ನೀರಿನ ಗೇಜ್ ಎಷ್ಟು ಅಡಿ ಎಂದು ವಿಚಾರಿಸುತ್ತ ಕೂರುವಂತಾಯಿತು.

"ಹಚ್ಚಿದ ನೆಲ್ಲು ಒಣಗಸ್ಲೇನು?" ಎನ್ನುತ್ತಾರೆ ಮೇಲಿನವರು. ನಿಂತ ಪೈರು ಸಾಯುವುದನ್ನು ಯಾವ ರೈತನೂ ನೋಡಲಾರ, ಆ ಸಂಕಟ ಸುಳ್ಳಲ್ಲ. ಆದರೆ ಕೆಳಗೆ ಬಿತ್ತದೇ ಬಿಟ್ಟ ಹೊಲವನ್ನು ತೋರಿಸಿ ಹಾಗೆ ಕೇಳಲು ಬರುವುದಿಲ್ಲ, ಅಲ್ಲಿ ಒಣಗಲು ಪೈರೇ ಇಲ್ಲ. ನೀರು ಹಂಚುವ ಸಭೆಯಲ್ಲಿ ಕಣ್ಣಿಗೆ ಕಾಣುವ ನಷ್ಟವೇ ಗೆಲ್ಲುತ್ತದೆ. ಅದಕ್ಕೇ ಮೊದಲ ಮಾತು ಕಟ್ಟಕಡೆಯ ಹೊಲದವನದಾಗಬೇಕು ಎನ್ನುತ್ತೇನೆ ನಾನು.

ಮುಂದಿನ ಪಾಳಿಗೆ ಮಾವ ಮೇಲಿನ ಹೊಲದ ಹಿರಿಯರನ್ನು ಕರೆತಂದ. ಅವರು ಬಗ್ಗಿ ಬಿರುಕಿನಲ್ಲಿ ಕೈ ಇಳಿಸಿದರು. ಎದ್ದು ಕೈ ಝಾಡಿಸಿ, "ಅರ್ಧ ತಾಸು ಹೆಚ್ಚಿಗಿ ತಗೋ," ಎಂದರು.

"ಒಂದು ತಾಸು ಬೇಕ್ರೀ, ಗೌಡ್ರ."

ಇಬ್ಬರೂ ಬದುವಿನ ಮೇಲೆ ಕೂತರು. ಮಾತು ಮುಗಿದಿರಲಿಲ್ಲ, ನೊರೆ ಬಂದು ಕಾಲಿಗೆ ತಾಗಿತು.